ಸ್ಯಾಂಡ್‌ವಿಚ್ ಸೀನ್ ಬೋರಾ ಸಾರ್?

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಜೈಲಿನಲ್ಲಿರುವ ಸರಣಿ ಕೊಲೆಗಾರರನ್ನು ಮಾತಾಡಿಸುವ ವೆಬ್ ಸೀರೀಸ್ ‘ಮೈಂಡ್‌ಹಂಟರ್’ನ ಮೊದಲ ಸೀಸನ್ನಿನ ಎರಡನೇ ಎಪಿಸೋಡ್ ಬರೀ ಮಾತು, ರಕ್ತವೂ ಇಲ್ಲ ಥ್ರಿಲ್ಲೂ ಇಲ್ಲ ಅಂತ ವಿಮರ್ಶೆಯಲ್ಲಿ ಬರೆದಿದ್ದೀರಿ. ಅಲ್ಲ ಸಾರ್, ನನಗೆ ನಿದ್ದೆಗೆಡಿಸಿದ್ದೇ ಆ ಮಾತು. ಆರೂಮುಕ್ಕಾಲು ಅಡಿಯ ಸರಣಿ ಕೊಲೆಗಾರ ಎಡ್ ಕೆಂಪರ್ ಜೈಲಿನಲ್ಲಿ ಎದುರು ಕೂತು, ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಂಡ ಹಾಗೆ ಎಫ್‌ಬಿಐನವನಿಗೆ ಮೊಟ್ಟೆ ಸ್ಯಾಂಡ್‌ವಿಚ್ ಬೇಕಾ ಅಂತ ಕೇಳ್ತಾನಲ್ಲ, ಅಲ್ಲೇ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯ್ತು. ದನಿ ಏರಿಸಲ್ಲ, ಕಣ್ಣು ಕೆಂಪು ಮಾಡಲ್ಲ. ಆ ಪಾತ್ರ ಮಾಡಿದ ಕ್ಯಾಮೆರಾನ್ ಬ್ರಿಟನ್‌ಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಸುಮ್ಮನೆ ಬರಲಿಲ್ಲ. (ನಮ್ಮ ಧಾರಾವಾಹಿ ವಿಲನ್‌ಗಳು ಹುಬ್ಬು ಹಾರಿಸೋದನ್ನ ಬಿಟ್ಟು ಇದನ್ನ ಒಮ್ಮೆ ನೋಡಬೇಕು.)

ಅಸಲಿ ಕೆಂಪರ್ ಕೂಡ ಮಾತುಗಾರನೇ. 1973ರಲ್ಲಿ ತಾಯಿಯನ್ನು ಕೊಂದ ಮೇಲೆ ತಾನೇ ಪೊಲೀಸರಿಗೆ ಫೋನ್ ಮಾಡಿ ಶರಣಾದ. ಪರಿಚಯದ ಪೊಲೀಸರೇ ಮೊದಲು ನಂಬಲಿಲ್ಲವಂತೆ!

ನನ್ನ ತಕರಾರು ಬೇರೆ. ಅವನ ಕೈಯಲ್ಲಿ ಸತ್ತವರು ಹತ್ತು ಜನ, ಅದರಲ್ಲಿ ಆರು ಮಂದಿ ಓದುವ ವಯಸ್ಸಿನ ಹುಡುಗಿಯರು. ಎಪಿಸೋಡ್ ಮುಗಿದಾಗ ಅವನ ಕನ್ನಡಕ, ಮೀಸೆ, ನಗು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಹುಡುಗಿಯರಲ್ಲಿ ಒಬ್ಬಳ ಹೆಸರೂ ನೆನಪಿಗೆ ಬರಲಿಲ್ಲ. ನಿಮ್ಮ ವಿಮರ್ಶೆಯಲ್ಲೂ ಆ ಮಾತಿಲ್ಲ.