ಜಾವಾದಲ್ಲಿ ಎರಡು ಎಕರೆ ಕೊಡಿಸಿ ಅನ್ನುವವರಿಗೆ

ಹೋದ ವಾರ ಗದ್ದೆ ಫೋಟೊ ಹಾಕಿದ್ದೇ ತಪ್ಪಾಯ್ತು. ಹಿಂದೆ ಮೆರಾಪಿ ಬೆಟ್ಟ, ಮುಂದೆ ಹಸಿರು ಪೈರು, ಬದುವಿನ ಮೇಲೆ ಬಾತುಕೋಳಿ ಸಾಲು. ಮೂರು ದಿನದಲ್ಲಿ ಇನ್‌ಬಾಕ್ಸಿಗೆ ಹನ್ನೊಂದು ಮೆಸೇಜು. ಮಂಡ್ಯದ ಹಳೇ ಸಹಪಾಠಿಯಿಂದ ಹಿಡಿದು ಬೆಂಗಳೂರಲ್ಲಿ ಫ್ಲಾಟ್ ಮಾರಿ ದುಡ್ಡು ಇಟ್ಟುಕೊಂಡು ಕೂತಿರುವ ದೂರದ ನೆಂಟರವರೆಗೆ ಎಲ್ಲರದ್ದೂ ಒಂದೇ ಮಾತು. ಅಲ್ಲಿ ಜಮೀನು ಅಗ್ಗವಂತೆ, ಒಂದೆರಡು ಎಕರೆ ನೋಡಿ, ನೀವಿದ್ದೀರಲ್ಲ. ಒಬ್ಬೊಬ್ಬರಿಗೇ ಉತ್ತರ ಬರೆಯುವ ತಾಳ್ಮೆ ನನಗಿಲ್ಲ. ಇಲ್ಲೇ ಬರೆದುಬಿಡುತ್ತೇನೆ, ಉದ್ದ ಆದರೆ ಬೈಬೇಡಿ.

ಮೊದಲನೆಯದು, ಅಗ್ಗ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಜಾವಾ ದ್ವೀಪ ನಮ್ಮ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟಿದೆ. ಜನ 15 ಕೋಟಿಗೂ ಜಾಸ್ತಿ. ನಾನಿರುವ ಕ್ಲಾಟೆನ್ ಜಿಲ್ಲೆಯಲ್ಲಿ ಊರು ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಅರ್ಧ ಹೆಕ್ಟೇರಿಗಿಂತ ಕಡಿಮೆ ಇರುವ ರೈತನಿಗೆ ಇಲ್ಲಿ ‘ಪೆತಾನಿ ಗುರೆಮ್’ ಅನ್ನುತ್ತಾರೆ. ಗುರೆಮ್ ಅಂದರೆ ಕೋಳಿ ಮೈಯ ಹೇನು. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ಹೇನುಗಳೇ, ನಾವೂ ಸೇರಿ. ಇಂಥ ಕಡೆ ಎರಡು ಎಕರೆ ಕೇಳುವುದು ಅಂದರೆ ನಾಲ್ಕು ಮನೆ ಅನ್ನ ಕೇಳಿದ ಹಾಗೆ.

ಎರಡನೆಯದು ಕಾನೂನು. 1960ರ ಭೂ ಕಾನೂನಿನ ಪ್ರಕಾರ ಪೂರ್ತಿ ಒಡೆತನ ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಅದಕ್ಕೆ ‘ಹಕ್ ಮಿಲಿಕ್’ ಅನ್ನುತ್ತಾರೆ. ನಮ್ಮ ಹಕ್ಕು, ಮಾಲೀಕ ಪದಗಳ ನೆಂಟನೇ, ಎಲ್ಲಾ ಅರಬ್ಬಿಯಿಂದ ಬಂದದ್ದು. ‘ಇಲ್ಲಿನವರೊಬ್ಬರ ಹೆಸರಲ್ಲಿ ಕೊಂಡು ಕಾಗದ ಬರೆಸಿಕೊಂಡರೆ ಆಯ್ತಲ್ವಾ’ ಅಂತ ಹನ್ನೊಂದರಲ್ಲಿ ನಾಲ್ಕು ಜನ ಕೇಳಿದ್ದಾರೆ. ಆಗುವುದಿಲ್ಲ ಸ್ವಾಮಿ. ಸಿಕ್ಕಿಬಿದ್ದರೆ ವ್ಯವಹಾರವೇ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡನ್ನು ವಾಪಸು ಕೇಳುವ ಹಾಗೂ ಇಲ್ಲ. ಮೂರನ್ನೂ ಅದೇ ಕಾನೂನಲ್ಲಿ ಒಟ್ಟಿಗೆ ಬರೆದಿಟ್ಟಿದ್ದಾರೆ. ಕಂಪನಿ ಮಾಡಿಕೊಂಡು ಬರುವ ದಾರಿ ಇದೆ, ಅದಕ್ಕೆ ಜಮೀನಿನ ಬೆಲೆ ಬಿಟ್ಟು 1000 ಕೋಟಿ ರುಪಿಯಾಗಿಂತ ಜಾಸ್ತಿ ಬಂಡವಾಳ ತೋರಿಸಬೇಕು. ಗಾಬರಿ ಬೇಡ, ನಮ್ಮ ಒಂದು ರೂಪಾಯಿಗೆ 190ರ ಆಸುಪಾಸು ರುಪಿಯಾ ಬರುತ್ತದೆ, ಐದು ಕೋಟಿ ಚಿಲ್ಲರೆ ಆಯ್ತು. ಇದ್ದರೆ ತನ್ನಿ.

ಇನ್ನು ಜಮೀನಿನ ಒಡೆಯ ಅದೇ ತಾಲೂಕಿನಲ್ಲೋ ಪಕ್ಕದ ತಾಲೂಕಿನಲ್ಲೋ ವಾಸ ಇರಬೇಕು ಅನ್ನುವ ನಿಯಮವೂ 1961ರಿಂದ ಇದೆ. ಪಾಲನೆ ಎಷ್ಟಾಗುತ್ತಿದೆ ಅಂತ ಕೇಳಬೇಡಿ. ಆದರೂ ನನಗೆ ಆ ನಿಯಮ ಸರಿ ಅನ್ನಿಸುತ್ತದೆ. ನಮ್ಮಲ್ಲಿ 2020ರಲ್ಲಿ ಕಾಯ್ದೆ ಬದಲಾಯಿಸಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದ ಮೇಲೆ ನಮ್ಮೂರ ಸುತ್ತ ಎದ್ದ ತಂತಿಬೇಲಿಗಳನ್ನು ನೋಡಿದವನು ನಾನು.

ನೀನು ಹೇಗೆ ಮಾಡಿದೆ ಅಂತೀರಿ. ನಾನು ಮಾಡಲಿಲ್ಲ. ಸೊಲೊ ನಗರದ ಕಡೆಯ ಬಟ್ಟೆ ಮಿಲ್ಲಿನ ಕೆಲಸಕ್ಕೆ ಬಂದೆ, ಇಲ್ಲಿಯವಳನ್ನೇ ಮದುವೆಯಾದೆ. ಈಗ ಇರುವ ಅರ್ಧ ಎಕರೆ ಅವಳಿಗೆ ಅವಳ ಅಪ್ಪನಿಂದ ಬಂದದ್ದು. ಪಕ್ಕದ ತುಂಡು ಮಾರಾಟಕ್ಕೆ ಬಂದಾಗ ಕೊಳ್ಳೋಣ ಅಂತ ಹೊರಟರೆ ನೋಟರಿ ತಲೆ ಅಲ್ಲಾಡಿಸಿದರು. ಮದುವೆಗೆ ಮುಂಚೆ ಆಸ್ತಿ ಬೇರೆ ಬೇರೆ ಅಂತ ಒಪ್ಪಂದ ಬರೆಸಿಲ್ಲ, ಹಾಗಾಗಿ ಈಗ ಅವಳು ಕೊಂಡದ್ದರಲ್ಲಿ ವಿದೇಶಿ ಗಂಡನಿಗೂ ಪಾಲು ಬರುತ್ತದೆ, ಆಗುವುದಿಲ್ಲ ಅಂದರು. ತನ್ನ ದೇಶದಲ್ಲೇ ಅವಳಿಗೆ ಜಮೀನು ಕೊಳ್ಳುವ ಹಕ್ಕಿಲ್ಲ, ಕಾರಣ ನಾನು! ಆ ಸಂಜೆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಬರೆಯುವುದು ಬೇಡ. 2016ರಲ್ಲಿ ಸಂವಿಧಾನ ನ್ಯಾಯಾಲಯ ಮದುವೆಯಾದ ಮೇಲೂ ಅಂಥ ಒಪ್ಪಂದ ಬರೆಸಬಹುದು ಅಂತ ತೀರ್ಪು ಕೊಟ್ಟಿತು, ನಾವೂ ಹೋಗಿ ಬರೆಸಿದೆವು. ಅಷ್ಟರಲ್ಲಿ ಆ ತುಂಡು ಬೇರೆಯವರ ಪಾಲಾಗಿತ್ತು.

ನನ್ನ ನಿಜವಾದ ದಡ್ಡತನ ಅದಕ್ಕೂ ಹಿಂದಿನದು. ಬಂದ ಹೊಸತರಲ್ಲಿ ಊರಿನ ಒಬ್ಬ ಅಧಿಕಾರಿಯಿಂದ ಮೂರು ವರ್ಷಕ್ಕೆ ಗದ್ದೆ ಗುತ್ತಿಗೆಗೆ ಹಿಡಿದು ದುಡ್ಡನ್ನೆಲ್ಲ ಮೊದಲೇ ಎಣಿಸಿಕೊಟ್ಟೆ. ಅದು ‘ಬೆಂಗ್ಕೊಕ್’ ಜಮೀನು. ಸಂಬಳದ ಬದಲಿಗೆ ಊರಿನ ಅಧಿಕಾರಿಗಳಿಗೆ ಉಳಲು ಕೊಡುವಂಥದ್ದು, ನಮ್ಮ ಕಡೆ ಹಿಂದೆ ಶಾನುಭೋಗರಿಗೆ, ತೋಟಿಗೆ ಉಂಬಳಿ ಇರಲಿಲ್ವಾ, ಹಾಗೆ. ಹುದ್ದೆ ಹೋದರೆ ಜಮೀನೂ ಹೋಯಿತು. ಒಂದೂವರೆ ವರ್ಷಕ್ಕೆ ಆ ಮನುಷ್ಯ ಕೆಲಸದಿಂದ ಇಳಿದ. ಹೊಸದಾಗಿ ಬಂದವನು ನಗುನಗುತ್ತಾ, ತುಂಬಾ ಮರ್ಯಾದೆಯಿಂದ, ನನ್ನ ಕಾಗದ ನೋಡಿ ಮಡಚಿ ವಾಪಸು ಕೊಟ್ಟ. ಊರಿಗೆಲ್ಲ ಗೊತ್ತಿದ್ದ ವಿಷಯ. ನಾನು ಯಾರನ್ನೂ ಕೇಳಿರಲಿಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ.

ಸರಿ, ಲಾಭ ಎಷ್ಟು? ಅರ್ಧ ಎಕರೆ, ಬೆಳೆ ಚೆನ್ನಾಗಿ ಬಂದರೆ ಸುಮಾರು 11 ಕ್ವಿಂಟಾಲ್ ಹಸಿ ಭತ್ತ. 2025ರಲ್ಲಿ ಸರ್ಕಾರ ಕಟ್ಟಿದ ಬೆಲೆ ಕಿಲೋಗೆ 6500 ರುಪಿಯಾ. ಎಲ್ಲಾ ಸೇರಿ ನಮ್ಮ ಲೆಕ್ಕದಲ್ಲಿ 37-38 ಸಾವಿರ ರೂಪಾಯಿ. ನಾವು ಗದ್ದೆಯನ್ನು ಪಕ್ಕದ ಮನೆಯವರಿಗೆ ‘ಮಾರೊ’ ಕೊಟ್ಟಿದ್ದೇವೆ, ಅಂದರೆ ನಮ್ಮ ವಾರದ ಹಾಗೆ ಅರ್ಧಕ್ಕರ್ಧ ಪಾಲು. ಬೀಜ ಗೊಬ್ಬರದ ಖರ್ಚು ಕಳೆದು ನಮ್ಮ ಪಾಲಿಗೆ ಉಳಿಯುವುದು ಮನೆ ಊಟದ ಅಕ್ಕಿ, ಮೇಲಿಷ್ಟು ಪುಡಿಗಾಸು. ಬೆಟ್ಟದಿಂದ ಇಳಿಯುವ ಬುಗ್ಗೆ ನೀರು ಇರುವುದರಿಂದ ವರ್ಷಕ್ಕೆ ಎರಡು ಬೆಳೆ ಖಾತ್ರಿ, ಕೆಲವು ಸಲ ಮೂರು. ಮಳೆ ಹಿಂದೆ ಸರಿದರೆ ಮೂರನೆಯದು ಕಡಲೆಕಾಯಿಯೋ ಮುಸುಕಿನ ಜೋಳವೋ. ಅದಕ್ಕೆ ‘ಪಲಾವಿಜಾ’ ಅಂತ ಹೆಸರು. ಬಾಯಿಬಿಟ್ಟು ಎರಡು ಸಲ ಹೇಳಿ ನೋಡಿ, ಫಲ, ಬೀಜ ಕೇಳಿಸುತ್ತದೆ.

ಈ ಪುಡಿಗಾಸೂ ಸುಮ್ನೆ ಬರುವುದಿಲ್ಲ. ಗದ್ದೆ ಮಾಡುವವರನ್ನು ನಾನು ಪಾಕ್‌ದೆ ಅನ್ನುತ್ತೇನೆ. ಪದ ಬಿಡಿಸಿದರೆ ದೊಡ್ಡ ಅಪ್ಪ, ನಮ್ಮ ದೊಡ್ಡಪ್ಪನೇ. ಚಿಕ್ಕಪ್ಪನಿಗೆ ಪಾಕ್‌ಲಿಕ್, ಅದೂ ಹಾಗೇ. ಎರಡು ವರ್ಷದ ಹಿಂದೆ ಕೊಯ್ಲಿಗೆ ವಾರ ಇರುವಾಗ ವ್ಯಾಪಾರಿ ಬಂದ. ಇಲ್ಲಿ ಭತ್ತವನ್ನು ನಿಂತ ಪೈರಿನಲ್ಲೇ ಮಾರುವುದು ಜಾಸ್ತಿ, ಕೊಳ್ಳುವವನನ್ನು ‘ಪೆನೆಬಾಸ್’ ಅನ್ನುತ್ತಾರೆ. ಬೈಕ್ ನಿಲ್ಲಿಸಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು, ಗದ್ದೆಯನ್ನು ಒಂದು ಸುತ್ತು ಹಾಕಿದ. ಮಧ್ಯಕ್ಕೆ ಇಳಿದು ಒಂದು ತೆನೆ ಎಳೆದ. ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಮುಂದಿನ ಹಲ್ಲಲ್ಲಿ ಕಟ್ ಅನ್ನಿಸಿ, ಉಗಿದು, ಬೆಟ್ಟದ ಕಡೆ ನೋಡಿದ. ಆಮೇಲೆ ಒಂದು ಮೊತ್ತ ಹೇಳಿದ. ತೂಕ ಇಲ್ಲ, ಅಳತೆ ಇಲ್ಲ. ಪಾಕ್‌ದೆ ನನ್ನ ಕಿವಿಯಲ್ಲಿ, ‘ಕೊಟ್ಟುಬಿಡಿ ಮಾಸ್, ಗಾಳಿ ಸರಿಯಿಲ್ಲ’ ಅಂದರು. ಮಾಸ್ ಅಂದರೆ ಅಣ್ಣ. ನಾನು ಮೊಬೈಲಲ್ಲಿ ಗುಣಿಸಿ ನೋಡಿ, ಇನ್ನೂ ಹತ್ತು ಪರ್ಸೆಂಟ್ ಬರಬೇಕು ಅಂದೆ. ಅವನು ಚಪ್ಪಲಿ ಹಾಕಿಕೊಂಡು ಹೋದ. ಮೂರನೇ ರಾತ್ರಿ ಮಳೆ ಗಾಳಿ, ಬೆಳಿಗ್ಗೆ ನೋಡಿದರೆ ಅರ್ಧ ಗದ್ದೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಅದೇ ಮನುಷ್ಯ ಮತ್ತೆ ಬಂದು ಮೂರನೇ ಒಂದು ಭಾಗ ಕಡಿಮೆ ಹೇಳಿದ. ಪಾಕ್‌ದೆಗೂ ಅರ್ಧ ನಷ್ಟ ಅಂತ ನನಗೆ ಹೊಳೆದದ್ದು ಆಗ. ಅವರು ಇವತ್ತಿಗೂ ಆ ಮಾತು ಎತ್ತಿಲ್ಲ, ಅದೇ ನನಗೆ ಹೆಚ್ಚು ಚುಚ್ಚುವುದು.

ಔಷಧಿ ಹೊಡೆಯುವುದರಲ್ಲೂ ಅವರದ್ದೇ ಮಾತು ನಡೆಯುವುದು. ಎಪ್ಪತ್ತರ ದಶಕದಲ್ಲಿ ಕಂದು ಜಿಗಿಹುಳು ಇಲ್ಲಿನ ಗದ್ದೆಗಳನ್ನು ಸುಟ್ಟ ಹಾಗೆ ಮಾಡಿದ್ದನ್ನು ಅವರು ಕಣ್ಣಾರೆ ನೋಡಿದವರು. ಔಷಧಿ ಹೊಡೆದಷ್ಟೂ ಹುಳು ತಿನ್ನುವ ಜೇಡಗಳೇ ಸತ್ತು ಹುಳು ಜಾಸ್ತಿಯಾಗುತ್ತಿತ್ತು. 1986ರಲ್ಲಿ ಸರ್ಕಾರವೇ ಭತ್ತಕ್ಕೆ 57 ಕೀಟನಾಶಕ ಹೊಡೆಯಬಾರದು ಅಂತ ನಿಲ್ಲಿಸಿತು. ನಾನು ಪಂಪ್ ಮುಟ್ಟಿದರೆ ಪಾಕ್‌ದೆ ಮೊದಲು ಬುಡಕ್ಕೆ ಬಗ್ಗಿ ಜೇಡ ಎಣಿಸಲು ಹೇಳುತ್ತಾರೆ.

ಇಷ್ಟಾದರೂ ದುಡ್ಡು ಹಾಕಬೇಕು ಅಂದರೆ ಎಲ್ಲಿ? ನನ್ನ ಕಣ್ಣಿಗೆ ಒಂದೇ ಸರಿ ಕಂಡದ್ದು, ಹಸು. ‘ಗಾದುಹಾನ್’ ಅನ್ನುತ್ತಾರೆ, ನೀವು ಹಸು ಕೊಡಿಸುವುದು, ಮೇಯಿಸುವವರು ಮೇಯಿಸುವುದು, ಕರುವೋ ಲಾಭವೋ ಇಬ್ಬರಿಗೂ. ನಮ್ಮಲ್ಲಿ ಪಾಲಿಗೆ ಬಿಡುವ ಹಾಗೇ. ಹತ್ತಿರದ ಪೊಂಗೊಕ್ ಊರಿನವರು 2009ರಲ್ಲಿ ಊರಿನದ್ದೇ ಕಂಪನಿ ಕಟ್ಟಿ, ಬುಗ್ಗೆ ಕೊಳವನ್ನು ಈಜುವ ಜಾಗ ಮಾಡಿ ಚೆನ್ನಾಗಿ ದುಡಿಯುತ್ತಿದ್ದಾರೆ. ಅದರಲ್ಲಿರುವುದು ಊರಿನವರದ್ದೇ ದುಡ್ಡು. ನಿಮ್ಮದು, ನನ್ನದು ಅವರಿಗೆ ಬೇಕಾಗಿಲ್ಲ.

ಹೊರಗಿನ ದುಡ್ಡು ಇಲ್ಲಿ ಏನು ಮಾಡುತ್ತದೆ ಅನ್ನುವುದು ನನಗೆ ತಿಳಿದದ್ದು ಒಂದು ಮದುವೆಯಲ್ಲಿ. ಎರಡು ಮನೆ ಆಚೆಯವರ ಮಗಳ ಮದುವೆ. ನಾನು ದೊಡ್ಡ ಮನಸ್ಸು ಮಾಡಿ ಲಕೋಟೆಯಲ್ಲಿ ಹತ್ತು ಲಕ್ಷ ರುಪಿಯಾ ಇಟ್ಟೆ, ನಮ್ಮ ಐದು ಸಾವಿರ ಚಿಲ್ಲರೆ. ಮನೆಗೆ ಬಂದ ಮೇಲೆ ಹೆಂಡತಿ ತಲೆ ಚಚ್ಚಿಕೊಂಡಳು. ‘ಅವರು ಇದನ್ನು ತೀರಿಸೋದು ಹೇಗೆ?’ ನಮ್ಮ ಮುಯ್ಯಿ ನೋಡಿ, ಅಪ್ಪಟ ಅದೇ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆ ಕಾರ್ಯಕ್ಕೆ ಅಷ್ಟೇ ವಾಪಸು ಹೋಗಬೇಕು. ನಾನು ಉಡುಗೊರೆ ಅಂತ ಸಾಲ ಹೊರಿಸಿ ಬಂದಿದ್ದೆ. ಆ ಮನೆಯವರು ಮುಂದೆ ಎಷ್ಟೋ ತಿಂಗಳು ನನ್ನ ಕಂಡರೆ ರಸ್ತೆ ದಾಟುತ್ತಿದ್ದರು. ಇವತ್ತಿಗೂ ಪೂರ್ತಿ ಸರಿಹೋಗಿಲ್ಲ.

ನಿಮ್ಮ ದುಡ್ಡನ್ನು ಇಲ್ಲಿಗೆ ತರುವುದು ನನಗೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳುವುದಕ್ಕೆ ಇದೇ ಕಾರಣ. ಬೇಸರ ಮಾಡಿಕೊಳ್ಳಬೇಡಿ. ಬಂದು ಇರುವುದಾದರೆ ಬನ್ನಿ, ಒಂದು ಕೊಯ್ಲು ನೋಡಿ. ಪ್ರತಿ ಮನೆ ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಪುಟ್ಟ ಲೋಟ ಇರುತ್ತದೆ, ರಾತ್ರಿ ಅದರಲ್ಲಿ ಚಿಟಿಕೆ ಅಕ್ಕಿಯೋ 500 ರುಪಿಯಾ ನಾಣ್ಯವೋ ಇಡಬೇಕು, ಗಸ್ತಿನವರು ಎತ್ತಿಕೊಂಡು ಊರ ಖರ್ಚಿಗೆ ಹಾಕುತ್ತಾರೆ. ಗಸ್ತಿಗೆ ನನ್ನ ಸರದಿ ಬುಧವಾರ. ಬಂದರೆ ಟಾರ್ಚ್ ನೀವು ಹಿಡಿಯಿರಿ.

ಭಾನುವಾರ ಪಾಕ್‌ದೆ ಮೊಮ್ಮಗನ ಮುಂಜಿ, ಅಂದರೆ ಸುನ್ನತಿ. ಹೆಂಡತಿ ಪುಸ್ತಕ ತೆಗೆದು ಬೆರಳಾಡಿಸುತ್ತಿದ್ದಾಳೆ. ಮಾವ ಹೋಗಿ ಸಾವಿರ ದಿನ ಆದಾಗ ಮಾಡಿದ ಕಾರ್ಯಕ್ಕೆ ಅವರು ತಂದದ್ದು ಅಕ್ಕಿ ಹತ್ತು ಕಿಲೋ, ಸಕ್ಕರೆ ಎರಡು ಕಿಲೋ, ತೆಂಗಿನಕಾಯಿ ಐದು. ಕಾಯಿ ನಾಲ್ಕೇ ಇದೆ, ಒಂದು ತರಬೇಕು.