ಸತ್ಯಾಂಶ: ಇಂಗಾಲದ ಡೈಆಕ್ಸೈಡ್ ರಕ್ತದ ಕೊಳೆಯಲ್ಲ

‘ಜೋರಾಗಿ ಉಸಿರುಬಿಟ್ಟು ಇಂಗಾಲದ ಡೈಆಕ್ಸೈಡನ್ನೆಲ್ಲ ಹೊರಹಾಕಿ, ರಕ್ತ ಶುದ್ಧವಾಗುತ್ತದೆ’ ಎಂಬ ಸಂದೇಶ ಲಾಲ್‌ಬಾಗ್‌ನ ಬೆಳಗಿನ ನಡಿಗೆಯವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ.

ಹಾಗಾಗುವುದಿಲ್ಲ, ಆಗಲೂಬಾರದು. ಈ ಅನಿಲದ ಸುಮಾರು ಶೇ 70 ಭಾಗ ರಕ್ತದಲ್ಲಿ ಅನಿಲವಾಗಿ ಇರುವುದೇ ಇಲ್ಲ. ಕೆಂಪು ರಕ್ತಕಣದೊಳಗಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಅದನ್ನು ನೀರಿನೊಂದಿಗೆ ಕೂಡಿಸುತ್ತದೆ. ಹುಟ್ಟಿದ ಆಮ್ಲ ಒಡೆದು ಬೈಕಾರ್ಬೊನೇಟ್ ಆಗಿ, ಬಹುಪಾಲು ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಇಳಿದು ಸಾಗುತ್ತದೆ. ಶ್ವಾಸಕೋಶದಲ್ಲಿ ಇದೇ ಕ್ರಿಯೆ ಹಿಮ್ಮುಖ. ಉಳಿದದ್ದರಲ್ಲಿ ಹೆಚ್ಚಿನದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಸ್ವಲ್ಪ ಹಾಗೆಯೇ ಕರಗಿ ಬರುತ್ತದೆ.

‘ಶುದ್ಧ’ ಎನ್ನಲಾಗುವ ಅಪಧಮನಿಯ 100 ಮಿಲಿಲೀಟರ್ ರಕ್ತದಲ್ಲೂ ಸುಮಾರು 48 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಆಮ್ಲಜನಕವೋ, ಸುಮಾರು 20 ಮಾತ್ರ! ರಕ್ತದ ಆಮ್ಲೀಯತೆ ಹದದಲ್ಲಿರಲು ಇಂಗಾಲದ ಡೈಆಕ್ಸೈಡ್ ಬೇಕೇ ಬೇಕು. ಬಲವಂತವಾಗಿ, ವೇಗವಾಗಿ ಉಸಿರಾಡಿ ಅದನ್ನು ಇಳಿಸಿದರೆ ಮಿದುಳಿನ ರಕ್ತನಾಳಗಳು ಕುಗ್ಗಿ ತಲೆ ಸುತ್ತುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ.