ಚುನಾವಣೆಯವರೆಗಿನ ದೈವಾಜ್ಞೆ

ಜನಮರುಳು ರಾಜಕಾರಣವೂ ಇಸ್ಲಾಮಿಸ್ಟ್ ರಾಜಕಾರಣವೂ ಒಂದೇ ಪಕ್ಷದಲ್ಲಿ ಸುಖವಾಗಿ ಸಂಸಾರ ಹೂಡುವುದಕ್ಕೆ ಕಾರಣವಿದೆ. ‘ಜನತೆ’ ಎದುರಿಗೆ ಬಂದು ನಾನು ಹಾಗೆ ಹೇಳಿಲ್ಲ ಎನ್ನುವುದಿಲ್ಲ. ದೇವರೂ ಪತ್ರಿಕಾಗೋಷ್ಠಿ ಕರೆದು ಸ್ಪಷ್ಟನೆ ಕೊಡುವುದಿಲ್ಲ. ಇಬ್ಬರ ಪರವಾಗಿಯೂ ಒಬ್ಬನೇ ನಾಯಕ ವಕಾಲತ್ತು ಹಾಕಿದ ಮೇಲೆ, ಎದುರಾಡಿದವನಿಗೆ ಜನದ್ರೋಹಿ ಇಲ್ಲವೇ ಧರ್ಮದ್ರೋಹಿ ಎಂಬ ಬಿರುದಷ್ಟೇ ಗತಿ.

ಟರ್ಕಿಯ ಅಧ್ಯಕ್ಷ ರಿಸೆಪ್ ತಯ್ಯಿಪ್ ಎರ್ಡೋಗನ್ ಈ ವಕಾಲತ್ತನ್ನು ಕೇಂದ್ರ ಬ್ಯಾಂಕಿನ ಬಡ್ಡಿದರದವರೆಗೂ ಒಯ್ದರು. ಹಣದುಬ್ಬರ ಹೆಚ್ಚಿದಾಗ ದರ ಏರಿಸಿ ಎಂದವರು ಅವರ ಭಾಷಣಗಳಲ್ಲಿ ‘ಬಡ್ಡಿ ಲಾಬಿ’ಯವರಾದರು. 2021ರ ಮಾರ್ಚ್‌ನಲ್ಲಿ ದರವನ್ನು ಶೇ 19ಕ್ಕೆ ಏರಿಸಿದ ಗವರ್ನರ್ ಎರಡೇ ದಿನದಲ್ಲಿ ಮನೆ ಸೇರಿದರು; ವರ್ಷದ ಕೊನೆಗೆ ದರ ಶೇ 14ಕ್ಕೆ ಇಳಿದಾಗ, ಮುಸ್ಲಿಮನಾಗಿ ತಾನು ಧರ್ಮಗ್ರಂಥದ ಆಜ್ಞೆಯನ್ನು ಪಾಲಿಸುವುದಾಗಿ ಅಧ್ಯಕ್ಷರು ಸಾರಿದರು. ಬಡ್ಡಿಯೇ ನಿಷಿದ್ಧವಾಗಿರುವಲ್ಲಿ ಶೇ 19 ಪಾಪವೂ ಶೇ 14 ಪುಣ್ಯವೂ ಹೇಗಾಯಿತೆಂದು ಕೇಳಬಲ್ಲವರು ಬ್ಯಾಂಕಿನಲ್ಲಿ ಇರಲಿಲ್ಲವೆಂದಲ್ಲ, ಅವರೆಲ್ಲ ಅಷ್ಟರಲ್ಲಿ ಮಾಜಿಗಳಾಗಿದ್ದರು. ಹಣಕಾಸು ಮಂತ್ರಿ ನುರೆದ್ದಿನ್ ನೆಬಾತಿಯವರಂತೂ ಆರ್ಥಿಕತೆಯೆಂದರೆ ಕಣ್ಣಿನ ಹೊಳಪು ಎಂದುಬಿಟ್ಟರು. 2022ರ ಅಕ್ಟೋಬರ್‌ನಲ್ಲಿ ಸರ್ಕಾರದ್ದೇ ಲೆಕ್ಕದ ಪ್ರಕಾರ ಹಣದುಬ್ಬರ ಶೇ 85 ದಾಟಿತ್ತು. ಕಣ್ಣುಗಳು ಹೊಳೆದದ್ದು ಬಹುಶಃ ನೀರು ತುಂಬಿ.

2023ರ ಮೇ ತಿಂಗಳಲ್ಲಿ ಚುನಾವಣೆ ಗೆದ್ದಾಯಿತು. ಜೂನ್‌ನಲ್ಲಿ ಹೊಸ ಹಣಕಾಸು ಮಂತ್ರಿ ಮೆಹ್ಮೆತ್ ಶಿಮ್ಶೆಕ್, ತರ್ಕಬದ್ಧ ನೆಲೆಗೆ ಮರಳುವುದಲ್ಲದೆ ದೇಶಕ್ಕೆ ಬೇರೆ ದಾರಿಯಿಲ್ಲ ಎಂದು ಅಧಿಕಾರ ಹಸ್ತಾಂತರದ ಸಮಾರಂಭದಲ್ಲೇ ಹೇಳಿದರು. ಹಾಗಾದರೆ ಅಲ್ಲಿಯವರೆಗೆ ನಡೆದದ್ದು ಏನೆಂದು ಆ ವೇದಿಕೆಯಲ್ಲಿ ಯಾರೂ ಕೆದಕದೆ ಇದ್ದದ್ದು ಸೌಜನ್ಯವೇ ಸರಿ. 2024ರ ಮಾರ್ಚ್ ಹೊತ್ತಿಗೆ ದರ ಶೇ 50. ಆಜ್ಞೆ ಹಿಂತೆಗೆದುಕೊಂಡ ಬಗ್ಗೆ ಮೇಲಿನಿಂದ ಸುತ್ತೋಲೆಯೇನೂ ಬಂದಿರಲಿಲ್ಲ. ಶೇ 19ರಿಂದ ನೊಂದ ಧರ್ಮ ಶೇ 50ನ್ನು ಹೇಗೆ ಸಹಿಸಿತೆಂದು ವಿರೋಧಪಕ್ಷಗಳು ಕೇಳಹೊರಟರೆ ಅದೂ ಪೇಚಿನ ಮಾತು, ದರ ಏರಿಸಿ ಎಂದು ಗಂಟಲು ಹರಿದುಕೊಂಡವರಲ್ಲಿ ಅವರೂ ಇದ್ದರು.

ಕೇಳುವವನು ಮನೆಯೊಳಗಿನಿಂದಲೇ ಬಂದ. ಎರ್ಡೋಗನ್‌ರ ರಾಜಕೀಯ ಗುರುವಾಗಿದ್ದ ನೆಜ್ಮೆತ್ತಿನ್ ಎರ್ಬಕಾನ್‌ರ ಮಗ ಫಾತಿಹ್, ಹಿಂದಿನ ವರ್ಷವಷ್ಟೇ ಆಳುವ ಮೈತ್ರಿಕೂಟದಲ್ಲಿದ್ದವರು, ಅಸಲಿ ಧರ್ಮನಿಷ್ಠರು ತಾವೇ ಎಂಬಂತೆ ಆ ಮಾರ್ಚ್ 31ರ ಸ್ಥಳೀಯ ಚುನಾವಣೆಗೆ ಪ್ರತ್ಯೇಕವಾಗಿ ಇಳಿದರು. ಅವರ ಪಕ್ಷ ದೇಶದಲ್ಲಿ ಮೂರನೆಯದಾಯಿತು. 2002ರಿಂದ ಮೊದಲ ಸ್ಥಾನ ಬಿಟ್ಟುಕೊಡದಿದ್ದ ಎರ್ಡೋಗನ್‌ರ ಪಕ್ಷ ಎಕೆಪಿ ಎರಡನೆಯದಾಯಿತು.